ರೊಟ್ಟಿ ಮಷೀನಿಗೆ ಸಬ್ಸಿಡಿ ಐತಂತ, ಏಜೆಂಟಗ 15 ಸಾವಿರ ಕೊಡ್ಲೇನ್ರಿ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಹುನಗುಂದ ತಾಲೂಕಿನ ಹಳ್ಳಿ. ಬಿಎ ಆಗೈತಿ, ಪುಣೆದಾಗ ಕಂಪನಿ ಕೆಲಸ ಇತ್ತು ಹೋತು, ಈಗ ಖಾಲಿ ಅದೀನಿ. ಹೆಣ್ತಿ ಖಡಕ್ ರೊಟ್ಟಿ ಬಡಿದು ಆರ್ಡರ್ ಮ್ಯಾಲೆ ಕೊಡ್ತಾಳ, ಮಷೀನ್ ತಂದು ದೊಡ್ಡದು ಮಾಡೂಣು ಅಂತ ಐತಿ. ಒಬ್ಬ ಏಜೆಂಟ್ ಪಿಎಂಇಜಿಪಿ (ಹೊಸ ಉದ್ಯೋಗ ಶುರು ಮಾಡೋರಿಗೆ ಕೇಂದ್ರ ಸರ್ಕಾರದ ಸಾಲ-ಸಬ್ಸಿಡಿ ಸ್ಕೀಮ್) ಒಳಗ 6 ಲಕ್ಷ ಲೋನ್ ಮಾಡಿಸ್ತೀನಿ, 2 ಲಕ್ಷ ಫ್ರೀ ಕೈಗೆ ಬರ್ತೈತಿ, ಫೈಲ್ ಚಾರ್ಜ್ 15 ಸಾವಿರ ಕೊಡ್ರಿ ಅಂತಾನ. ನಾವು ಜನರಲ್ ಕೆಟಗರಿ.

ಉತ್ತರ: ಒಂದ್ ರೂಪಾಯಿನೂ ಕೊಡಬ್ಯಾಡ್ರಿ. ಅರ್ಜಿ ಆನ್‌ಲೈನ್, ಫ್ರೀ. ಮತ್ತ ಆ 2 ಲಕ್ಷ ಕೈಗೆ ಬರೂದೇ ಇಲ್ಲ, ಏಜೆಂಟ್ರು ಹೇಳದಿರೂದು ಇದನ್ನ.

ಲೆಕ್ಕ ನೋಡ್ರಿ. 6 ಲಕ್ಷದ ಪ್ರಾಜೆಕ್ಟ್, ಹಳ್ಳಿ, ನಿಮ್ಮ ಹೆಸರಿನ್ಯಾಗ ಹಾಕಿದ್ರ ಸಬ್ಸಿಡಿ 25% ಅಂದ್ರ ಒಂದೂವರೆ ಲಕ್ಷ, ಕೈಯಿಂದ 60 ಸಾವಿರ ಹಾಕಬೇಕು. ಹೆಣ್ಮಕ್ಕಳಿಗೆ ಸಬ್ಸಿಡಿ ಜಾಸ್ತಿ, ಅದಕ್ಕ ಅದನ್ನ ಹೆಣ್ತಿ ಹೆಸರಿಗೆ ಹಾಕಿದ್ರ 35%, 2 ಲಕ್ಷ 10 ಸಾವಿರ, ಕೈಯಿಂದ ಬರೇ 30 ಸಾವಿರ. ಹೆಂಗೂ ರೊಟ್ಟಿ ಮಾಡೋರು ಅವ್ರ, ಅವ್ರ ಹೆಸರಿಗೇ ಹಾಕ್ರಿ, ಗಂಡ ಹೆಂಡತಿ ಇಬ್ರಾಗ ಒಬ್ರಿಗಷ್ಟ ಸಿಗೂದು. ಬ್ಯಾಂಕ್ ಪೂರಾ 5 ಲಕ್ಷ 70 ಸಾವಿರ ಲೋನ್ ಕೊಡತೈತಿ, ಸಬ್ಸಿಡಿ ಬ್ಯಾಂಕಿನ್ಯಾಗ 3 ವರ್ಷ ಡೆಪಾಸಿಟ್ ಇರ್ತೈತಿ, ಅಷ್ಟು ಸಾಲಕ್ಕ ಬಡ್ಡಿ ಇಲ್ಲ, ಆಮೇಲೆ ಯುನಿಟ್ ನಡದೈತೋ ಇಲ್ಲೋ ಬಂದು ನೋಡಿ ಸಾಲಕ್ಕ ಜಮಾ ಮಾಡ್ತಾರ. ನಡುವ ಮುಚ್ಚಿದ್ರ ಸಬ್ಸಿಡಿ ಹೋತು, ಸಾಲ ಉಳೀತು.

ಇನ್ನೊಂದು, ಲೋನ್ ಆಗೂಕಿಂತ ಮೊದ್ಲ ಮಷೀನ್ ತಂದು ಶುರು ಮಾಡಬ್ಯಾಡ್ರಿ. ಪಿಎಂಇಜಿಪಿ ಹೊಸ ಯುನಿಟ್‌ಗೆ ಮಾತ್ರ.

ಆದ್ರ ನಿಮ್ದು ತಿನ್ನೂ ವಸ್ತು, ಅದಕ್ಕ ನಾನಾದ್ರ ಮೊದ್ಲ ಪಿಎಂಎಫ್‌ಎಂಇ, ಅಂದ್ರ ತಿನ್ನೂ ವಸ್ತು ಮಾಡೋ ಸಣ್ಣ ಯುನಿಟ್‌ಗಳ ಸ್ಕೀಮ್, ಅದನ್ನ ಕೇಳ್ತಿದ್ದೆ. ಕೇಂದ್ರದ್ದು 35%, ಮ್ಯಾಲೆ ನಮ್ಮ ರಾಜ್ಯದ್ದು 15%, ಕೂಡಿ ಅರ್ಧಕ್ಕರ್ಧ, ಜಾತಿ ಕೆಟಗರಿ ಲೆಕ್ಕ ಇಲ್ಲ, ನಡೆಯೋ ಯುನಿಟ್‌ಗೂ ಐತಿ. ಇದೂ ಸಾಲದ ಜೋಡಿನ ಬರೂದು, ಕೈಯಿಂದ 10% ಹಾಕಬೇಕು. ಕೃಷಿ ಇಲಾಖೆ ಆಫೀಸಿನ್ಯಾಗ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರು ಅಂತ ಕೇಳ್ರಿ, ಪ್ರಾಜೆಕ್ಟ್ ರಿಪೋರ್ಟ್ ಅವ್ರೇ ಮಾಡಿ ಕೊಡ್ತಾರ, ಅವ್ರ ಫೀ ಸ್ಕೀಮಿಂದ ಹೋಗತೈತಿ. ಈ ವರ್ಷದ ಅರ್ಜಿ ತಗೊಳಾಕತ್ತಾರೇನು ಅದನ್ನೂ ಅಲ್ಲೇ ಕೇಳ್ರಿ. ಒಂದೇ ಯುನಿಟ್‌ಗೆ ಎರಡೂ ಸಬ್ಸಿಡಿ ಸಿಗೂದಿಲ್ಲ ಮತ್ತ.

ಏಜೆಂಟ್ ರಿಪೋರ್ಟ್ ಹೆಂಗಿರ್ತಾವ ಅಂದ್ರ, ಯಾವ್ದೋ ಬೇಕರಿದು ಕಾಪಿ ಹೊಡ್ದು ಮ್ಯಾಲೆ ರೊಟ್ಟಿ ಅಂತ ಬರ್ದಿರ್ತಾರ, ಕಚ್ಚಾಮಾಲಿನ ಪಟ್ಟಿ ತುಂಬ ಮೈದಾ ಡಾಲ್ಡಾ, ಜ್ವಾಳಾನ ಇರೂದಿಲ್ಲ! ಮ್ಯಾನೇಜರ್ ಕೇಳೂದು ದಿನಾ ಎಷ್ಟು ರೊಟ್ಟಿ, ಯಾರು ತಗೋತಾರ ಅಂತ. ಈಗ ಬರೋ ಆರ್ಡರ್ ಎಲ್ಲಾ ಒಂದು ನೋಟ್‌ಬುಕ್ಕಿನ್ಯಾಗ ಬರೀರಿ, ಖಾನಾವಳಿಯವ್ರಿಗೆ ರೊಕ್ಕ ಫೋನ್‌ಪೇ ಮಾಡಾಕ ಹೇಳ್ರಿ, ಸ್ಟೇಟ್‌ಮೆಂಟ್‌ನ್ಯಾಗ ಕಾಣತೈತಿ.

ಕೊಟೇಶನ್ ತರೂಕಿಂತ ಮೊದ್ಲ ಮಷೀನಿಗೆ ತ್ರೀ ಫೇಸ್ ಬೇಕೇನು ಕೇಳ್ರಿ. ಬೇಕಂದ್ರ ಹೆಸ್ಕಾಂ ಕನೆಕ್ಷನ್ ಖರ್ಚೂ ಪ್ರಾಜೆಕ್ಟಿನ್ಯಾಗ ಹಿಡಿಯಾಕ ಬರತೈತೇನು ಅಂತ ಬ್ಯಾಂಕಿನವ್ರನ್ನ ಆಗಲೇ ಕೇಳ್ರಿ.