ವಾಟರ್‌ಪ್ರೂಫ್ ಬ್ಯಾಗಿನೊಳಗೆ ಬಟ್ಟೆ ಒದ್ದೆಯಾಗಿದ್ದು ಹೇಗೆ?

ಮೇ ತಿಂಗಳು ಮುಗಿಯುತ್ತಾ ಬಂದಂತೆ ನನಗೆ ಬರುವ ಪ್ರಶ್ನೆಗಳೆಲ್ಲ ಮಳೆಯ ಕಡೆ ತಿರುಗುತ್ತವೆ. ಸೈಕಲ್ ಬ್ಯಾಗು, ಟೆಂಟು ಹೊಲಿಯುವುದು, ರಿಪೇರಿ ಮಾಡುವುದು ಮಂಗಳೂರಿನಲ್ಲಿ ನನ್ನ ಕೆಲಸ. ಹದಿನಾರು ಮಳೆಗಾಲ ಸೈಕಲ್‌ನಲ್ಲಿ ಘಟ್ಟ ಹತ್ತಿ ಇಳಿದಿದ್ದೇನೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಬೇರೆ ಬೇರೆ ಮಾತಿನಲ್ಲಿ. ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಕ್ಯಾರಿಯರ್ ಬಿಗಿಯಾಗಿರಬೇಕು, ಭಾರ ಎರಡೂ ಬದಿಗೆ ಸಮ ಇರಬೇಕು ಎನ್ನುವುದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಿಂದ ಆಗುಂಬೆ, ಸೋಮೇಶ್ವರ, ಹೆಬ್ರಿ ದಾಟಿ ಉಡುಪಿಗೆ ಹೋದೆವು. ದುಬಾರಿ ವಾಟರ್‌ಪ್ರೂಫ್ ಪ್ಯಾನಿಯರ್ (ಕ್ಯಾರಿಯರಿನ ಬದಿಗೆ ತೂಗುಹಾಕುವ ಬ್ಯಾಗು) ಹಾಕಿದ್ದೆ. ಉಡುಪಿಯಲ್ಲಿ ತೆಗೆದು ನೋಡಿದರೆ ಬಟ್ಟೆಯೆಲ್ಲ ಒದ್ದೆ. ಒಳಗಿನ ಗಾಳಿ ಬೆವರಿದೆ ಅಷ್ಟೇ ಎಂದು ಅಂಗಡಿಯವರು ಹೇಳಿದರು. ನಾನು ಮೋಸ ಹೋದೆನಾ? ಬ್ಯಾಗನ್ನು ನಿಮಗೆ ಕಳಿಸಿದ್ದೇನೆ. — ಶಿವಮೊಗ್ಗದ ಓದುಗರು

ಇಲ್ಲ, ಮೋಸ ಹೋಗಿಲ್ಲ. ಬ್ಯಾಗು ಚೆನ್ನಾಗಿದೆ. ಅಂಗಡಿಯವರು ಹೇಳಿದ ಕಾರಣ ಮಾತ್ರ ತಪ್ಪು.

ಮೊದಲು ಆ ಬೆವರಿನ ಕಥೆ ಮುಗಿಸೋಣ. ವರ್ಷದಿಂದ ವರ್ಷಕ್ಕೆ ಇದನ್ನು ಕೇಳಿ ಕೇಳಿ ಸಾಕಾಗಿದೆ. 30 ಡಿಗ್ರಿ ಸೆಖೆಯಲ್ಲಿ, ಮಳೆಗಾಲದ ಪೂರ್ತಿ ತೇವದ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ. ಉಳಿದದ್ದು ಹನಿಯಾಗಿ ಇಳಿಯುತ್ತದೆ. ನಿಮ್ಮ ಬ್ಯಾಗು 20 ಲೀಟರಿನದು. ಅದರಲ್ಲಿ ಬಟ್ಟೆಯೇ ಇಲ್ಲ, ಬರೀ ಗಾಳಿ ಇದೆ ಎಂದುಕೊಂಡರೂ ಇಳಿಯುವ ನೀರು ಕಾಲು ಗ್ರಾಂ. ಅಂದರೆ ನಾಲ್ಕೈದು ಹನಿ. ನಾಲ್ಕೈದು ಹನಿಯಿಂದ ಒಂದು ಕರವಸ್ತ್ರವೂ ಒದ್ದೆಯಾಗುವುದಿಲ್ಲ, ಅಲ್ವಾ? ಗಾಳಿ ಬೆವರಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಗಿನೊಳಗೆ ನೀರು ಇದೆ ಅಂದರೆ ಅದು ಹೊರಗಿನಿಂದ ಬಂದಿರಬೇಕು, ಇಲ್ಲವೇ ನೀವೇ ಒಳಗೆ ಇಟ್ಟಿರಬೇಕು.

ಹಾಗಾದರೆ ಎಲ್ಲಿಂದ ಬಂತು? ನಾನು ಏನು ಮಾಡಿದೆ ಎಂದು ಹೇಳುತ್ತೇನೆ. ಇದನ್ನು ನೀವು ಮನೆಯಲ್ಲೇ ಮಾಡಬಹುದು.

ರಾತ್ರಿ ದೀಪ ಆರಿಸಿ, ಬ್ಯಾಗಿನೊಳಗೆ ಟಾರ್ಚ್ ಹಾಕಿ ಹೊರಗಿನಿಂದ ನೋಡಿದೆ. ಸೂಜಿ ಮೊನೆಯಷ್ಟು ತೂತಿದ್ದರೂ ಬೆಳಕಿನ ಚುಕ್ಕಿ ಕಾಣುತ್ತದೆ. ಒಂದೂ ಕಾಣಲಿಲ್ಲ. ಆಮೇಲೆ ಬಾಯಿ ಅಗಲಿಸಿ ಗಾಳಿ ತುಂಬಿಕೊಂಡು, ಬಿಗಿಯಾಗಿ ಸುತ್ತಿ, ಬಕಲ್ ಹಾಕಿ, ಎದೆಗೆ ಒತ್ತಿ ಹಿಡಿದೆ. ಹೊಲಿಗೆ, ಮೂಲೆ, ಕೊಕ್ಕೆಯ ಸ್ಕ್ರೂಗಳ ಸುತ್ತ ಸೋಪಿನ ನೊರೆ ಸವರಿದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುತ್ತಾರಲ್ಲ, ಅದೇ ಲೆಕ್ಕ. ಗುಳ್ಳೆ ಏಳಲಿಲ್ಲ. ಗಾಳಿ ಹೊರಗೆ ಬರದ ಕಡೆ ಮಳೆನೀರು ಒಳಗೆ ಹೋಗುವುದಿಲ್ಲ.

ಆಮೇಲೆ ಬಾಯಿಯ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದೆ. ಉತ್ತರ ಅಲ್ಲೇ ಇತ್ತು. ಮೇಲಂಚಿನಲ್ಲಿ ಎರಡು ಬೆರಳಿನಷ್ಟು ಅಗಲದ ಪಟ್ಟಿ ಹೊಸದರ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ ಶುರುವಾಗಿ ತಳದವರೆಗೂ ಕೆಮ್ಮಣ್ಣಿನ ಕಲೆ. ಮಡಿಕೆಯೊಳಗೆ ಅಡಗಿದ್ದು ಆ ಪಟ್ಟಿ ಮಾತ್ರ. ಅಂದರೆ ದಾರಿಯುದ್ದಕ್ಕೂ ನೀವು ಬಾಯನ್ನು ಒಂದೇ ಒಂದು ಸುತ್ತು ಮಡಚಿದ್ದೀರಿ. ಆ ಮಡಿಕೆಯ ನಡುವೆ ಒಂದು ದಾರದ ಎಳೆ, ಟವೆಲಿನದಿರಬೇಕು, ಸಿಕ್ಕಿಕೊಂಡು ಒಣಗಿತ್ತು. ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ನೀರು ಎಳೆದಿದೆ.

ರೋಲ್ ಟಾಪ್, ಅಂದರೆ ಬಾಯಿ ಸುತ್ತಿ ಮುಚ್ಚುವ ಬ್ಯಾಗಿಗೆ ಕನಿಷ್ಠ ಮೂರು ಸುತ್ತು ಬೇಕು. ತಯಾರಕರೂ ಅದನ್ನೇ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಮೊದಲ ಸುತ್ತು ನೀರಿನ ಹೊಡೆತ ತಡೆಯುತ್ತದೆ. ಒಳಗೆ ನುಸುಳಿದ್ದನ್ನು ಎರಡನೆಯದು, ಮೂರನೆಯದು ನಿಲ್ಲಿಸುತ್ತವೆ. ಬ್ಯಾಗನ್ನು ಕತ್ತಿನ ತನಕ ತುರುಕಿದರೆ ಮೂರು ಸುತ್ತಿಗೆ ಬಾಯಿಯ ಬಟ್ಟೆಯೇ ಉಳಿಯುವುದಿಲ್ಲ. 20 ಲೀಟರ್ ಎಂದು ಬರೆದಿದ್ದರೆ ನೀವು 15 ಲೀಟರ್ ಎಂದೇ ಓದಿಕೊಳ್ಳಿ. ಮಡಚುವ ಮೊದಲು ಎರಡು ಅಂಚನ್ನೂ ಜೋಡಿಸಿ, ಬೆರಳಿನಿಂದ ಒಮ್ಮೆ ಸವರಿ. ಮಣ್ಣು, ದಾರ, ಎಲೆಚೂರು ಏನೂ ಇರಬಾರದು. ಸುಕ್ಕು ಬಿದ್ದರೆ ಬಿಚ್ಚಿ ಮತ್ತೆ ಸುತ್ತಿ.

ಫೋನ್ ಮಾಡಿ ಕೇಳಿದಾಗ ಇನ್ನೂ ಎರಡು ವಿಷಯ ಗೊತ್ತಾಯಿತು. ರೇನ್‌ಕೋಟ್ ಬ್ಯಾಗಿನ ತಳದಲ್ಲಿತ್ತು. ಆಗುಂಬೆ ಪೇಟೆಯಲ್ಲಿ ಮಳೆ ಹಿಡಿದ ಮೇಲೆ, ರಸ್ತೆ ಬದಿಯಲ್ಲೇ ಬ್ಯಾಗು ಬಿಚ್ಚಿ, ಬಟ್ಟೆಯೆಲ್ಲ ಪಕ್ಕಕ್ಕೆ ಸರಿಸಿ ಅದನ್ನು ತೆಗೆದಿದ್ದೀರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಎರಡು ನಿಮಿಷ ಬಾಯಿ ತೆರೆದಿಟ್ಟ ಬ್ಯಾಗು, ಬ್ಯಾಗಲ್ಲ, ಬಕೆಟ್. ಇಲ್ಲಿ ಇನ್ನೊಂದು ಮಾತು. ವಾಟರ್‌ಪ್ರೂಫ್ ಬ್ಯಾಗಿಗೆ ನೀರು ಒಳಗೆ ಬರಲು ದಾರಿ ಇಲ್ಲದ ಹಾಗೆಯೇ ಹೊರಗೆ ಹೋಗಲೂ ದಾರಿ ಇಲ್ಲ. ಒಳಗೆ ಸೇರಿದ ನೀರು ಉಡುಪಿಯ ತನಕ ನಿಮ್ಮ ಜೊತೆಯಲ್ಲೇ ಬಂದಿದೆ.

ಎರಡನೆಯದು, ಸೋಮೇಶ್ವರದಲ್ಲಿ ಚಹಾಕ್ಕೆ ನಿಂತಾಗ ಒದ್ದೆ ಟಿ-ಶರ್ಟ್ ಬದಲಾಯಿಸಿ, ಚೆನ್ನಾಗಿ ಹಿಂಡಿ ಅದೇ ಬ್ಯಾಗಿಗೆ ಹಾಕಿದ್ದೀರಿ. ಹತ್ತಿಯ ಟಿ-ಶರ್ಟನ್ನು ಕೈಯಲ್ಲಿ ಎಷ್ಟೇ ಹಿಂಡಿದರೂ ಹೆಚ್ಚುಕಡಿಮೆ ಅದರ ತೂಕದಷ್ಟೇ ನೀರು ಉಳಿಯುತ್ತದೆ. 150 ಗ್ರಾಂ ಎಂದಿಟ್ಟುಕೊಳ್ಳಿ. ಗಾಳಿಯ ಕಾಲು ಗ್ರಾಂ ಎಲ್ಲಿ, ಈ 150 ಗ್ರಾಂ ಎಲ್ಲಿ! ಹೆಬ್ರಿಯ ಬಿಸಿಲು ಬ್ಯಾಗಿಗೆ ತಾಗಿದ ಮೇಲೆ ಆ ನೀರು ಆವಿಯಾಗಿ ಉಳಿದ ಬಟ್ಟೆಗೆಲ್ಲ ಹಂಚಿಕೊಂಡಿದೆ. ಬಿಸಿ ಅನ್ನ ಹಾಕಿ ಮುಚ್ಚಿದ ಡಬ್ಬಿಯ ಮುಚ್ಚಳ ನೋಡಿದ್ದೀರಲ್ಲ, ಹಾಗೆ. ಅಂಗಡಿಯವರು ಹೇಳಿದ ಬೆವರು ಇದೇ. ಬೆವರಿದ್ದು ಗಾಳಿಯಲ್ಲ, ನಿಮ್ಮ ಟಿ-ಶರ್ಟ್.

ಹಾಗಾಗಿ ಬ್ಯಾಗಿನೊಳಗೆ ಒದ್ದೆ ಕಂಡಾಗ ಮೊದಲು ಕೈ ಹಾಕಿ ನೋಡಬೇಕಾದದ್ದು ಎಲ್ಲಿ ಒದ್ದೆ ಎಂದು. ಮೇಲಿನ ಬಟ್ಟೆ ತೊಯ್ದು ಕೆಳಗಿನದು ಒಣಗಿದ್ದರೆ ಬಾಯಿ ಸರಿಯಾಗಿ ಮುಚ್ಚಿಲ್ಲ. ಚಕ್ರದ ಕಡೆಯ ಬದಿ ಮಾತ್ರ ಒದ್ದೆಯಿದ್ದರೆ ಕೊಕ್ಕೆಯ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಕ್ಯಾರಿಯರಿನ ಕಂಬಿ ಉಜ್ಜಿ ಬ್ಯಾಗಿನ ಬಟ್ಟೆ ಸವೆದಿದೆ. ತಳದ ಮೂಲೆ ಒದ್ದೆಯಿದ್ದರೆ ಅಲ್ಲಿ ತೂತು ಹುಡುಕಿ. ಸೈಕಲನ್ನು ಗೋಡೆಗೆ ಒರಗಿಸುವಾಗ, ಬ್ಯಾಗನ್ನು ನೆಲಕ್ಕೆ ಇಳಿಸುವಾಗ ಮೂಲೆಯೇ ಮೊದಲು ತಾಗುವುದು. ಎಲ್ಲ ಬಟ್ಟೆಯೂ ಒಂದೇ ಸಮ ತಣ್ಣಗೆ, ಜಿಗುಟು ಜಿಗುಟು ಅನಿಸಿದರೆ ಒದ್ದೆ ವಸ್ತು ಒಳಗೇ ಇದೆ. ನನ್ನ ಹತ್ತಿರ ಸೋರುತ್ತದೆ ಎಂದು ಬರುವ ಬ್ಯಾಗುಗಳಲ್ಲಿ ತೂತು ಇರುವುದು ಕಡಿಮೆ. ಬಾಯಿ ಮತ್ತು ಒದ್ದೆ ಬಟ್ಟೆ, ಈ ಎರಡೇ ಜಾಸ್ತಿ.

ಇನ್ನು ಏನು ಮಾಡಬೇಕು? ಒಳಗೊಂದು ಚೀಲ ಹಾಕಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಇನ್ನೂ ದುಬಾರಿಯ ಪ್ಯಾನಿಯರ್ ಯಾವುದು ಎಂದೇ ಕೇಳುತ್ತಾರೆ. ಉತ್ತರ ಕನ್ನಡದ ತೋಟದವರು ಕೊಳೆ ರೋಗ ಬಾರದಿರಲಿ ಎಂದು ಇಡೀ ತೋಟಕ್ಕೆ ಮಾಡು ಹಾಕುವುದಿಲ್ಲ. ಒಂದೊಂದು ಅಡಿಕೆ ಗೊನೆಗೂ ಬೇರೆ ಬೇರೆ ಕೊಟ್ಟೆ, ಅಂದರೆ ಮಳೆ ತಾಗದ ಹೊದಿಕೆ, ಕಟ್ಟುತ್ತಾರೆ. ನೀವೂ ಹಾಗೇ ಮಾಡಿ. ರಾತ್ರಿಯ ಬಟ್ಟೆಗೆ ಒಂದು ಚೀಲ, ಹೊದಿಕೆಗೆ ಒಂದು, ಕಾಗದಪತ್ರ ಮತ್ತು ಪವರ್ ಬ್ಯಾಂಕಿಗೆ ಒಂದು. ದಪ್ಪ ಪಾಲಿಥೀನ್ ಚೀಲ ಸಾಕು. ಬಾಯಿ ತಿರುಚಿ, ತಿರುಚಿದ್ದನ್ನು ಮಡಚಿ, ರಬ್ಬರ್ ಬ್ಯಾಂಡ್ ಹಾಕಿ. ಸುಮ್ನೆ ಗಂಟು ಹಾಕಿದರೆ ಬಿಚ್ಚುವಾಗ ಹರಿಯುತ್ತದೆ. ತೆಳು ಕ್ಯಾರಿಬ್ಯಾಗ್ ಮಾತ್ರ ಬೇಡ, ಎರಡನೇ ದಿನಕ್ಕೇ ತೂತು.

ರೇನ್‌ಕೋಟು, ತಿಂಡಿ, ಪಂಕ್ಚರ್ ಸಾಮಾನು ಪ್ಯಾನಿಯರಿನೊಳಗೆ ಬೇಡವೇ ಬೇಡ. ಹ್ಯಾಂಡಲ್ ಬ್ಯಾಗಿನಲ್ಲೋ ಕ್ಯಾರಿಯರಿನ ಮೇಲೋ ಇರಲಿ. ಒದ್ದೆ ಬಟ್ಟೆಗೆ ಜಾಳಿಗೆ ಚೀಲ ಇಟ್ಟುಕೊಂಡು ಹೊರಗೆ ಕಟ್ಟಿ. ಮತ್ತೆ ಮಳೆ ಬಂದು ಅದು ಒದ್ದೆಯಾಗುತ್ತದೆ, ಆಗಲಿ. ಪ್ಯಾನಿಯರ್ ಬಿಚ್ಚುವುದು ಸೂರಿನ ಕೆಳಗೆ ಮಾತ್ರ. ಬಸ್ ಸ್ಟ್ಯಾಂಡ್, ಅಂಗಡಿ ಜಗಲಿ, ದೇವಸ್ಥಾನದ ಚಾವಡಿ, ಯಾವುದಾದರೂ ಸರಿ. ಕೈ ಒರೆಸಿಕೊಂಡು ಬಿಚ್ಚಿ.

ಸಾದಾ ಬ್ಯಾಗಿಗೆ ರೇನ್ ಕವರ್ ಹಾಕಿದರೆ ಸಾಕಾಗುವುದಿಲ್ಲವೇ? — ಹುಬ್ಬಳ್ಳಿ

ಬೆನ್ನಿನ ಬ್ಯಾಗಿಗೆ ಸಾಕು. ಸೈಕಲಿಗೆ ಸಾಲದು. ರೇನ್ ಕವರ್ ಮೇಲಿನ ನೀರಿಗೆ ಮಾಡಿದ್ದು. ಸೈಕಲಿನಲ್ಲಿ ಕೆಟ್ಟ ನೀರು ಕೆಳಗಿನಿಂದ ಬರುತ್ತದೆ. ಚಕ್ರ ಎತ್ತಿ ಹೊಡೆಯುವ ಕೆಸರು ಕವರ್ ಇಲ್ಲದ ಒಳಬದಿಗೇ ಬೀಳುತ್ತದೆ. ಕಾರವಾರದಿಂದ ಮಂಗಳೂರಿನ ತನಕ ಹೆದ್ದಾರಿ 66ರಲ್ಲಿ ಲಾರಿ ಪಕ್ಕದಲ್ಲಿ ಹೋದಾಗ ನೀರು ಅಡ್ಡಕ್ಕೆ ರಾಚುತ್ತದೆ. ಹಾಗೆ ಒಳಗೆ ಹೋದದ್ದು ಕವರಿನ ತಳದಲ್ಲಿ ನಿಂತು ಬ್ಯಾಗು ಅದರಲ್ಲೇ ನೆನೆಯುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಕವರಿನ ತಳದಲ್ಲಿ ಒಂದು ಸಣ್ಣ ತೂತು ಮಾಡಿ, ಉದ್ದನೆಯ ಮಡ್‌ಗಾರ್ಡ್ ಹಾಕಿಸಿ, ಒಳಚೀಲ ಬಳಸಿ. ಮಡ್‌ಗಾರ್ಡ್ ಇಲ್ಲದೆ ಮಳೆಗಾಲದ ಟೂರಿಗೆ ಹೊರಡುವವರಿಗೆ ನನ್ನ ಹತ್ತಿರ ಬೇರೆ ಸಲಹೆ ಇಲ್ಲ.

ಜಿಪ್ಪಿಗೆ ಮೇಣದಬತ್ತಿ ಉಜ್ಜಿದರೆ ನೀರು ಹೋಗುವುದಿಲ್ಲ ಎಂದು ವಿಡಿಯೋದಲ್ಲಿ ನೋಡಿದೆ. — ದಾವಣಗೆರೆ

ಜಿಪ್ ನುಣ್ಣಗೆ ಓಡುತ್ತದೆ. ನೀರು ಹೋಗಿಯೇ ಹೋಗುತ್ತದೆ.

ವಾಟರ್‌ಪ್ರೂಫ್ ಸ್ಪ್ರೇ ಹೊಡೆದರೆ ಸಾದಾ ಬ್ಯಾಗು ಪ್ಯಾನಿಯರ್ ಆಗುತ್ತದೆಯೇ? — ಬೆಂಗಳೂರು

ಆಗುವುದಿಲ್ಲ. ಅದು ಕೆಸುವಿನೆಲೆಯ ಮೇಲಿನ ಹಾಗೆ ಹನಿ ಜಾರುವಂತೆ ಮಾಡುತ್ತದೆ, ಅಷ್ಟೇ. ಸೂಜಿ ಚುಚ್ಚಿದ ಒಂದೊಂದು ಹೊಲಿಗೆಯೂ ಒಂದೊಂದು ತೂತು. ಸ್ಪ್ರೇ ಅದನ್ನು ಮುಚ್ಚುವುದಿಲ್ಲ. ಇದನ್ನು ಮಳೆಗಾಲಕ್ಕೆ ಮೊದಲು ಎಂಟುನೂರು, ಸಾವಿರಕ್ಕೆ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ದುಡ್ಡಿಗೆ ಒಳ್ಳೆಯ ಡ್ರೈ ಬ್ಯಾಗ್ ಬರುತ್ತದೆ.

ಐಪಿಎಕ್ಸ್7 ಎಂದು ಬರೆದಿರುವುದನ್ನೇ ತೆಗೆದುಕೊಳ್ಳಬೇಕೇ? — ಮೈಸೂರು

ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸುವ ಪರೀಕ್ಷೆ ಅದು. ನೀವು ಹೊಳೆಗೆ ಹೋಗುತ್ತಿಲ್ಲ, ರಸ್ತೆಯಲ್ಲಿ ಹೋಗುತ್ತಿದ್ದೀರಿ. ಎಲ್ಲ ಕಡೆಯಿಂದ ಎರಚುವ ನೀರಿಗೆ ಐಪಿಎಕ್ಸ್4 ಸಾಕು. ಪರೀಕ್ಷೆ ನಡೆಯುವುದು ಹೊಸ ಬ್ಯಾಗಿಗೆ ಎಂಬುದು ನೆನಪಿರಲಿ. ಸಂಖ್ಯೆಗಿಂತ ಮೊದಲು ಹೊಲಿಗೆ ನೋಡಿ. ಹೊಲಿಯದೆ ಬಿಸಿಯಲ್ಲಿ ಬೆಸೆದದ್ದು ಒಳ್ಳೆಯದು. ಇವತ್ತಿನ ಇಂಥ ಪ್ಯಾನಿಯರುಗಳಿಗೆ ದಾರಿ ಹಾಕಿದವರಲ್ಲಿ ಒಬ್ಬರು ಜರ್ಮನಿಯ ಹಾರ್ಟ್‌ಮುಟ್ ಓರ್ಟ್ಲೀಬ್. ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ಹೊಡೆಯುವಾಗ ಅವರಿಗೆ ಕಣ್ಣಿಗೆ ಬಿದ್ದದ್ದು ಲಾರಿಯ ಟಾರ್ಪಾಲು. ಊರಿಗೆ ಹೋಗಿ ಅದೇ ಬಟ್ಟೆಯಲ್ಲಿ ಚೀಲ ಮಾಡಿದರು, 1982ರಲ್ಲಿ ಕಂಪನಿ ಶುರು ಮಾಡಿದರು. ನಮ್ಮ ಕಡೆಯ ಟಾರ್ಪಾಲ್ ಅಂಗಡಿಗಳಲ್ಲಿ ಬಿಸಿ ಬೆಸುಗೆ ಗೊತ್ತಿರುವವರು ಇದ್ದಾರೆ. ಅಳತೆ ಕೊಟ್ಟು ಚೀಲ ಮಾಡಿಸಿಕೊಂಡವರು ನನಗೆ ಗೊತ್ತು, ಅವು ವರ್ಷಗಟ್ಟಲೆ ಬಾಳಿವೆ.

ಅಟ್ಟದಲ್ಲಿಟ್ಟ ಬ್ಯಾಗಿನ ಒಳಗೆಲ್ಲ ಅಂಟಂಟು, ಹುಳಿ ವಾಸನೆ. ತೊಳೆದರೆ ಹೋಗುತ್ತದೆಯೇ? — ಕುಂದಾಪುರ

ಹೋಗುವುದಿಲ್ಲ. ಒಳಗಿನ ಪಾಲಿಯುರೆಥೇನ್ ಲೇಪ ತೇವಕ್ಕೆ ಕೊಳೆತಿದೆ. ಕರಾವಳಿಯಲ್ಲಿ ಒದ್ದೆ ಬ್ಯಾಗನ್ನು ಸುತ್ತಿಟ್ಟರೆ ಇದೇ ಗತಿ. ಅದನ್ನು ಇನ್ನು ಸಾದಾ ಚೀಲದ ಹಾಗೆ ಬಳಸಿ. ಹೊಸದನ್ನು ನೆರಳಲ್ಲಿ ಒಣಗಿಸಿ, ಬಾಯಿ ತೆರೆದು ತೂಗುಹಾಕಿ. ವಾಷಿಂಗ್ ಮೆಷಿನ್‌ಗೆ ಯಾವತ್ತೂ ಹಾಕಬೇಡಿ.

ದಾರಿಯಲ್ಲಿ ತೂತಾದರೆ ಫೆವಿಕ್ವಿಕ್ ಹಾಕಬಹುದೇ? — ಕಾರ್ಕಳ

ಬೇಡ. ಅದು ಗಟ್ಟಿಯಾಗಿ, ಬ್ಯಾಗು ಮಡಚಿದ ಕೂಡಲೇ ಬಿರುಕು ಬಿಡುತ್ತದೆ. ಜಾಗ ಒರೆಸಿ, ಪೂರ್ತಿ ಒಣಗಿಸಿ, ಬಟ್ಟೆಯ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಎರಡೂ ಬದಿಗೆ ಅಂಟಿಸಿ. ಚೌಕ ಮೂಲೆ ಬೇಗ ಏಳುತ್ತದೆ. ಟ್ಯೂಬಿನ ಪ್ಯಾಚು ರಬ್ಬರಿಗೆ ಮಾತ್ರ, ಇದಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ನೆನೆದ ಫೋನನ್ನು ಅಕ್ಕಿಯಲ್ಲಿ ಇಡಬಹುದೇ? — ಐದು ಜನ ಕೇಳಿದ್ದಾರೆ

ಬೇಡ. ಆಫ್ ಮಾಡಿ, ಒರೆಸಿ, ಫ್ಯಾನಿನ ಗಾಳಿಗೆ ಇಡಿ. ಅಕ್ಕಿಯ ಹುಡಿ ಚಾರ್ಜರಿನ ಕಿಂಡಿಗೆ ಹೋದರೆ ಇನ್ನೊಂದು ತೊಂದರೆ.

ಎಲ್ಲವನ್ನೂ ಒಣಗಿಡಲು ಆಗುವುದಿಲ್ಲ ಎಂದಾದರೆ ಯಾವ ಒಂದನ್ನು ಕಾಪಾಡಬೇಕು? — ಸಾಗರ

ರಾತ್ರಿ ಹಾಕುವ ಬಟ್ಟೆ. ಕ್ಯಾಮೆರಾ ಅಲ್ಲ, ಫೋನೂ ಅಲ್ಲ. ಒಂದು ಜುಲೈನಲ್ಲಿ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ತಲುಪಿದಾಗ ಕತ್ತಲಾಗಿತ್ತು. ಜೊತೆಗಿದ್ದ ಹುಡುಗನ ಬ್ಯಾಗಿನಲ್ಲಿ ಒಣಗಿದ ಒಂದು ಬನಿಯನ್ನೂ ಇರಲಿಲ್ಲ. ಹತ್ತುವಾಗ ಮೈ ಬಿಸಿಯಿತ್ತು, ಗೊತ್ತಾಗಲಿಲ್ಲ. ನಿಂತ ಹತ್ತು ನಿಮಿಷಕ್ಕೆ ನಡುಕ ಹಿಡಿಯಿತು. ಚಹಾದ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಕೇಳಿದ್ದಕ್ಕೆ ಮಾತು ತೊದಲುತ್ತಿತ್ತು. ನನ್ನ ಒಳಚೀಲದಲ್ಲಿದ್ದ ಒಣ ಬಟ್ಟೆ ಅವನಿಗೆ ಹಾಕಿಸಿ, ಅಂಗಡಿಯವರು ಕೊಟ್ಟ ಕಂಬಳಿ ಸುತ್ತಿ ಒಲೆ ಮುಂದೆ ಕೂರಿಸಿದೆವು. ಸುಧಾರಿಸಲು ಒಂದು ಗಂಟೆ ಹಿಡಿಯಿತು. ಅವತ್ತಿನಿಂದ ನನ್ನ ಜೊತೆ ಬರುವವರು ಹೊರಡುವ ಮೊದಲು ರಾತ್ರಿ ಬಟ್ಟೆಯ ಚೀಲ ತೆಗೆದು ನನಗೆ ತೋರಿಸಬೇಕು. ಒಂದು ಬನಿಯನ್, ತುಂಬು ತೋಳಿನ ಅಂಗಿ, ಪ್ಯಾಂಟು, ಉಣ್ಣೆಯ ಟೋಪಿ, ಕಾಲುಚೀಲ. ಎರಡು ಪಾಲಿಥೀನ್ ಚೀಲ, ಒಂದರೊಳಗೆ ಒಂದು. ಬಾಗಿಲು ಹಾಕಿದ ಕೋಣೆ ಸಿಕ್ಕ ಮೇಲೆ, ಮೈ ಒರೆಸಿಕೊಂಡ ಮೇಲೆ ಮಾತ್ರ ಅದನ್ನು ಬಿಚ್ಚಬೇಕು. ಬೆಳಿಗ್ಗೆ ಮತ್ತೆ ನಿನ್ನೆಯ ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ಹೊರಡಬೇಕು. ಮೊದಲ ಐದು ನಿಮಿಷ ಚಳಿಯಾಗುತ್ತದೆ, ಆಮೇಲೆ ಪೆಡಲ್ ತುಳಿಯುವಾಗ ಹೋಗುತ್ತದೆ.