ಫ್ಯೂಜೀಸ್‌ನ ‘ದ ಸ್ಕೋರ್’ ಗೆದ್ದಿದ್ದು ಲಾರಿನ್ ಹಿಲ್ ಒಬ್ಬರ ದನಿಯಿಂದಲೇ?

‘ದ ಸ್ಕೋರ್ ಅಷ್ಟೊಂದು ಮಾರಾಟವಾಗಿದ್ದು ಲಾರಿನ್ ಹಿಲ್ ಹಾಡಿದ್ದರಿಂದ ಅಲ್ವಾ? ಉಳಿದವರು ಮಾಡಿದ್ದಾದರೂ ಏನು?’ ಅಂತ ಕೇಳಿದ್ದೀರಿ.

‘ದ ಸ್ಕೋರ್’ ಅಮೆರಿಕದ ಮೂವರ ರ‍್ಯಾಪ್ ತಂಡ ಫ್ಯೂಜೀಸ್‌ನ 1996ರ ಆಲ್ಬಮ್. ಲಾರಿನ್ ಇಲ್ಲದೆ ಈ ಆಲ್ಬಮ್ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಲಾರಿನ್, ವೈಕ್ಲೆಫ್ ಜೀನ್ ಮತ್ತು ಪ್ರಾಸ್ ಮಿಷೆಲ್ ಜೊತೆ ಸೇರಿ 1994ರಲ್ಲಿ ಒಂದು ಆಲ್ಬಮ್ ಮಾಡಿದ್ದರು. ಹೆಸರು ‘ಬ್ಲಂಟೆಡ್ ಆನ್ ರಿಯಾಲಿಟಿ’. ಅದು ಅಮೆರಿಕದಲ್ಲಿ ಓಡಲೇ ಇಲ್ಲ. ಆಗಲೂ ಇದೇ ದನಿ, ಇದೇ ಮೂವರು. ಎರಡು ವರ್ಷ ಕಳೆಯುವುದರೊಳಗೆ ಎಲ್ಲ ಬದಲಾಗಿದ್ದಕ್ಕೆ ದೊಡ್ಡ ಕಾರಣ, ನನ್ನ ಪ್ರಕಾರ, ನ್ಯೂಜೆರ್ಸಿಯ ಒಂದು ಮನೆಯ ನೆಲಮಾಳಿಗೆ.

ಮೊದಲ ಆಲ್ಬಮ್ ಕೇಳಿ ನೋಡಿ. ಮೂವರೂ ಕೂಗಾಡುತ್ತಿರುತ್ತಾರೆ. ಆಗ ಆ ಥರದ ಒರಟು ರ‍್ಯಾಪ್ ಓಡುತ್ತಿತ್ತು, ಇವರೂ ಹಾಗೇ ಮಾಡಲಿ ಅನ್ನುವ ಒತ್ತಡ ಆ ಹಾಡುಗಳಲ್ಲೇ ಕೇಳಿಸುತ್ತದೆ. ಅದರಿಂದ ತಂಡವನ್ನು ಉಳಿಸಿದ್ದು ‘ನ್ಯಾಪಿ ಹೆಡ್ಸ್’ ಹಾಡಿನ ರೀಮಿಕ್ಸ್. ಅದನ್ನು ಮಾಡಿದವರು ಸಲಾಮ್ ರೆಮಿ ಅನ್ನುವ ಸಂಗೀತ ನಿರ್ಮಾಪಕರು. ವೇಗ ತಗ್ಗಿಸಿ, ಮಾತು ಕೇಳಿಸುವಷ್ಟು ಜಾಗ ಬಿಟ್ಟರು. ಇವರು ಯಾರು, ಹೇಗೆ ಮಾತಾಡುತ್ತಾರೆ ಅನ್ನುವುದು ಜನರಿಗೆ ಗೊತ್ತಾಗಿದ್ದು ಆಗ.

ಮುಂದಿನ ಆಲ್ಬಮ್‌ಗೆ ರಫ್‌ಹೌಸ್ ಅನ್ನುವ ರೆಕಾರ್ಡ್ ಕಂಪನಿ ಸುಮಾರು 1,35,000 ಡಾಲರ್ ಮುಂಗಡ ಕೊಟ್ಟಿತು. ಏನು ಬೇಕಾದರೂ ಮಾಡಿಕೊಳ್ಳಿ ಅಂತ ಸ್ವಾತಂತ್ರ್ಯವನ್ನೂ ಕೊಟ್ಟಿತು. ಇವರು ಆ ದುಡ್ಡಿನಲ್ಲಿ ರೆಕಾರ್ಡಿಂಗ್ ಸಾಮಾನು ಕೊಂಡು ವೈಕ್ಲೆಫ್ ಸಂಬಂಧಿಕರ ಮನೆಯ ನೆಲಮಾಳಿಗೆಯಲ್ಲಿ ಇಟ್ಟುಕೊಂಡರು. ‘ಬೂಗಾ ಬೇಸ್‌ಮೆಂಟ್’ ಅಂತ ಹೆಸರಿಟ್ಟರು. ಇದು ಎಷ್ಟು ದೊಡ್ಡ ವಿಷಯ ಅಂತ ಸುಲಭಕ್ಕೆ ಗೊತ್ತಾಗಲ್ಲ. ಬಾಡಿಗೆ ಸ್ಟುಡಿಯೋದಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಹೋಗುತ್ತಿರುತ್ತದೆ. ಒಂದು ಸಾಲು ಸರಿ ಬರಲಿಲ್ಲ ಅಂದರೂ ಮುಂದಕ್ಕೆ ಹೋಗಲೇಬೇಕು. ಇಲ್ಲಿ ಆ ತಲೆಬಿಸಿ ಇಲ್ಲ. ಹಾಡು ಕೂರುವವರೆಗೂ ಕೂರಬಹುದು. 1995ರ ಬೇಸಿಗೆಯಿಂದ ವರ್ಷದ ಕೊನೆಯವರೆಗೆ ಹೀಗೇ ಕೆಲಸ ನಡೆಯಿತು.

ಆ ನೆಲಮಾಳಿಗೆಯಲ್ಲಿದ್ದ ಒಬ್ಬರ ಹೆಸರು ನೀವು ಕೇಳಿರಲಿಕ್ಕಿಲ್ಲ: ಜೆರ‍್ರಿ ‘ವಂಡಾ’ ಡುಪ್ಲೆಸಿಸ್. ವೈಕ್ಲೆಫ್‌ನ ಸೋದರ ಸಂಬಂಧಿ, ಬೇಸ್ ಗಿಟಾರ್ ನುಡಿಸುವವರು. ಹೆಡ್‌ಫೋನ್ ಹಾಕಿಕೊಂಡು ಬರೀ ಬೇಸ್ ಹಿಂದೆ ಹೋಗಿ. ಲಾರಿನ್ ದನಿ ಅಷ್ಟು ನಿರಾಳವಾಗಿ ತೇಲುವುದು ಕೆಳಗೆ ಆ ಗಟ್ಟಿ ನೆಲ ಇರುವುದರಿಂದ. ವೈಕ್ಲೆಫ್ ಹುಟ್ಟಿದ್ದು ಹೈಟಿಯಲ್ಲಿ, ಪಾದ್ರಿಯ ಮಗ, ಗಿಟಾರ್ ಹಿಡಿದೇ ಬೆಳೆದವರು. ಪ್ರಾಸ್ ಕೂಡ ಹೈಟಿ ಮೂಲದವರೇ. ಅಮೆರಿಕದಲ್ಲಿ ಹೈಟಿಯವರನ್ನು ಹೀಯಾಳಿಸಲು ಬಳಸುತ್ತಿದ್ದ ‘ರೆಫ್ಯೂಜಿ’ (ನಿರಾಶ್ರಿತ) ಅನ್ನುವ ಮಾತನ್ನೇ ಮೊಟಕು ಮಾಡಿ ಇವರು ತಂಡದ ಹೆಸರಾಗಿ ತಲೆಯೆತ್ತಿ ಹೇಳಿಕೊಂಡರು. ಪ್ರಾಸ್ ಈ ಆಲ್ಬಮ್‌ನಲ್ಲಿ ಕಮ್ಮಿ ಕೇಳಿಸುತ್ತಾರೆ, ಹೌದು. ಆದರೆ ಹೈಸ್ಕೂಲಿನಲ್ಲಿ ಲಾರಿನ್ ಜೊತೆ ಸೇರಿ ತಂಡ ಕಟ್ಟಿದವರೇ ಅವರು. ವೈಕ್ಲೆಫ್ ಬಂದಿದ್ದು ಆಮೇಲೆ.

ನಿಮ್ಮ ಪ್ರಶ್ನೆಯ ಹಿಂದೆ ಇರುವುದು ಈ ಆಲ್ಬಮ್‌ನ ದೊಡ್ಡ ಹಿಟ್ ಹಾಡು ‘ಕಿಲ್ಲಿಂಗ್ ಮಿ ಸಾಫ್ಟ್‌ಲಿ’ ಅಂದುಕೊಂಡಿದ್ದೇನೆ. ಅದನ್ನೇ ಬಿಚ್ಚಿ ನೋಡೋಣ. ಹಾಡು ಇವರದ್ದಲ್ಲ. 1973ರಲ್ಲಿ ರಾಬರ್ಟಾ ಫ್ಲ್ಯಾಕ್ ಹಾಡಿ ಮನೆಮಾತಾಗಿತ್ತು. ಬರೆದವರು ನಾರ್ಮನ್ ಗಿಂಬೆಲ್, ರಾಗ ಹಾಕಿದವರು ಚಾರ್ಲ್ಸ್ ಫಾಕ್ಸ್. ಫ್ಯೂಜೀಸ್ ಹಾಡಿನಲ್ಲಿ ಲಾರಿನ್ ಹಾಡುತ್ತಿರುವಾಗ ಕೆಳಗೆ ಬಡಿಯುವ ಆ ಡ್ರಮ್ ತಂದಿದ್ದು ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ 1990ರ ಹಾಡಿನಿಂದ. ನಡುವೆ ಝುಂಯ್ ಅನ್ನುವ ಸಿತಾರ್ ಇದೆಯಲ್ಲ, ಅದನ್ನು ಆ ತಂಡ 60ರ ದಶಕದ ‘ರೋಟರಿ ಕನೆಕ್ಷನ್’ ತಂಡದಿಂದ ಎತ್ತಿಕೊಂಡಿತ್ತು. ಅಂದರೆ ಒಂದೇ ಹಾಡಿನಲ್ಲಿ ಮೂರು ಕಾಲದ ಸಂಗೀತ. ಅದರ ಮೇಲೆ ವೈಕ್ಲೆಫ್ ‘ಒನ್ ಟೈಮ್, ಟೂ ಟೈಮ್ಸ್’ ಅಂತ ಬೀದಿಯ ಪಾರ್ಟಿಯಲ್ಲಿ ಮೈಕ್ ಹಿಡಿದವರ ಹಾಗೆ ಕೂಗುತ್ತಾರೆ. ಆ ಕೂಗು ಸುಮಾರು ಜನರಿಗೆ ಕಿರಿಕಿರಿ. ನನಗಂತೂ ಅದು ಬೇಕೇ ಬೇಕು. ಅದನ್ನು ತೆಗೆದರೆ ಉಳಿಯುವುದು ಚೆನ್ನಾಗಿ ಹಾಡಿದ ಒಂದು ಹಳೇ ಹಾಡು, ಅಷ್ಟೆ. 1996ರಲ್ಲಿ ಬ್ರಿಟನ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಬಿಡಿಯಾಗಿ ಮಾರುವ ಹಾಡು) ಇದೇ.

ಇದೇ ಆಲ್ಬಮ್‌ನ ‘ಫು-ಜಿ-ಲಾ’ ಹಾಡಿನ ಬೀಟ್, ಅಂದರೆ ರ‍್ಯಾಪ್‌ನ ಹಿಂದಿನ ತಾಳ-ಸಂಗೀತ, ಮತ್ತೆ ಸಲಾಮ್ ರೆಮಿಯದ್ದು. ಫ್ಯಾಟ್ ಜೋ ಅನ್ನುವ ರ‍್ಯಾಪರ್‌ಗೆ ಅಂತ ಮಾಡಿದ್ದು ಇವರ ಪಾಲಾಯಿತು.

‘ರೆಡಿ ಆರ್ ನಾಟ್’ ಶುರುವಿನಲ್ಲಿ ಕೇಳುವ ಗುಂಯ್ ಅನ್ನುವ ದನಿ ಐರ್ಲೆಂಡಿನ ಎನ್ಯಾ ಅವರದ್ದು, ‘ಬೋಡಿಸಿಯ’ ಅನ್ನುವ ಹಾಡಿನಿಂದ. ಇವರು ಕೇಳದೇ ಬಳಸಿಕೊಂಡರು. ಆಮೇಲೆ ಮಾತುಕತೆಯಲ್ಲಿ ಇತ್ಯರ್ಥವಾಯಿತು. ಈ ವಿಷಯದಲ್ಲಿ ನಾನು ಫ್ಯೂಜೀಸ್ ಪರ ನಿಲ್ಲಲ್ಲ. ಇನ್ನೊಬ್ಬರ ಕಂಠ ಇಲ್ಲದೆ ಆ ಹಾಡು ನಿಲ್ಲಲ್ಲ ಅಂದಮೇಲೆ ಮೊದಲೇ ಕೇಳಬೇಕಿತ್ತು, ಹೆಸರು ಹಾಕಬೇಕಿತ್ತು. ಅದೇ ಹಾಡಿನ ಪಲ್ಲವಿಯೂ ‘ಡೆಲ್ಫಾನಿಕ್ಸ್’ ತಂಡದ ಹಳೇ ಹಾಡಿನದ್ದು. ಆದರೆ ಲಾರಿನ್ ಅಲ್ಲಿ ಪಲ್ಲವಿ ಮುಗಿಸಿ ರ‍್ಯಾಪ್‌ಗೆ ಇಳಿಯುವುದನ್ನು ಗಮನವಿಟ್ಟು ಕೇಳಿ. ಹಾಡುಗಾರ್ತಿ ಅಂತ ಮಾತ್ರ ಅವರನ್ನು ನೆನೆಯುವುದು ಅನ್ಯಾಯ ಅನಿಸುತ್ತದೆ. ಮೂವರಲ್ಲಿ ಒಳ್ಳೆಯ ರ‍್ಯಾಪರ್ ಕೂಡ ಅವರೇ.

1996ರ ಫೆಬ್ರುವರಿಯಲ್ಲಿ ಬಂದ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಮುಗಿಯುವ ಹೊತ್ತಿಗೆ ಅಲ್ಲಿ ಆರು ಪಟ್ಟು ಪ್ಲಾಟಿನಮ್, ಅಂದರೆ 60 ಲಕ್ಷ ಪ್ರತಿ. 1997ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿ ಬಂತು, ಒಂದು ಅತ್ಯುತ್ತಮ ರ‍್ಯಾಪ್ ಆಲ್ಬಮ್‌ಗೆ, ಇನ್ನೊಂದು ‘ಕಿಲ್ಲಿಂಗ್ ಮಿ ಸಾಫ್ಟ್‌ಲಿ’ಗೆ.

ಆಮೇಲೆ ಮೂವರೂ ತಮ್ಮ ತಮ್ಮ ದಾರಿ ಹಿಡಿದರು. ವೈಕ್ಲೆಫ್ 1997ರಲ್ಲಿ, ಲಾರಿನ್ ಮತ್ತು ಪ್ರಾಸ್ 1998ರಲ್ಲಿ ಸ್ವಂತ ಆಲ್ಬಮ್ ತಂದರು. ಲಾರಿನ್‌ಗೆ ತಮ್ಮ ಆಲ್ಬಮ್‌ನಿಂದ 1999ರಲ್ಲಿ ಐದು ಗ್ರ್ಯಾಮಿ ಬಂತು. ಅದನ್ನು ನೋಡಿಯೇ ಜನ ‘ಎಲ್ಲ ಮಾಡಿದ್ದು ಲಾರಿನ್ನೇ’ ಅಂತ ಹಿಂದಿನದಕ್ಕೂ ಲೆಕ್ಕ ಹಾಕಿದ್ದು. ಆದರೆ ಆ ಆಲ್ಬಮ್‌ನಲ್ಲಿ ಕೆಲಸ ಮಾಡಿದ ಸಂಗೀತಗಾರರೂ ನಮ್ಮ ಹೆಸರು ಸರಿಯಾಗಿ ಹಾಕಿಲ್ಲ ಅಂತ ಕೋರ್ಟಿಗೆ ಹೋದರು. 2001ರಲ್ಲಿ ಅದು ರಾಜಿಯಾಯಿತು.

ನೀವು ‘ದ ಸ್ಕೋರ್’ ಮತ್ತೆ ಕೇಳುವುದಾದರೆ ಹಿಟ್ ಹಾಡುಗಳನ್ನು ಬಿಟ್ಟು ‘ಕೌಬಾಯ್ಸ್’ನಿಂದ ಶುರು ಮಾಡಿ. ರಾ ಡಿಗ್ಗಾ, ಯಂಗ್ ಝೀ, ಪೇಸ್‌ವನ್, ಜಾನ್ ಫೋರ್ಟೆ, ಹೀಗೆ ಹೊರಗಿನ ರ‍್ಯಾಪರ್‌ಗಳೂ ಎಲ್ಲರೂ ಇದ್ದಾರೆ. ಒಬ್ಬರ ಸಾಲು ಮುಗಿಯುವುದಕ್ಕೂ ಇನ್ನೊಬ್ಬರು ನುಗ್ಗುವುದಕ್ಕೂ ಸರಿಹೋಗುತ್ತದೆ. ಆಮೇಲೆ ‘ಫ್ಯಾಮಿಲಿ ಬಿಸಿನೆಸ್’ ಕೇಳಿ.