ಹತ್ತಿ ಗೋದಾಮು ಸೂಫಿ ಜಾಗ ಆಗುತ್ತಾ?

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ನಮ್ದು ಹುಬ್ಬಳ್ಳಿ ಹತ್ರ ಒಂದು ಹಳ್ಳಿ. ಅಪ್ಪ ತೀರ್ಕೊಂಡ ಮೇಲೆ ಹತ್ತಿ ತುಂಬ್ತಿದ್ದ ಹಳೇ ಗೋದಾಮು ನನ್ನ ಪಾಲಿಗೆ ಬಂದಿದೆ, 20 ಅಡಿ ಅಗಲ 30 ಅಡಿ ಉದ್ದ. ನಾವು ಲಿಂಗಾಯತ್ರು, ಆದ್ರೂ ಅಪ್ಪ ಪ್ರತಿ ಗುರುವಾರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸ್ಕೊಂಡು ಬರ್ತಿದ್ರು. ಅವರ ನೆನಪಿಗೆ ಅಲ್ಲೊಂದು ಸೂಫಿ ಪ್ರಾರ್ಥನೆ, ಧ್ಯಾನದ ಜಾಗ ಮಾಡ್ಬೇಕು ಅಂತ ಆಸೆ, ಎಲ್ಲಾ ಧರ್ಮದವ್ರೂ ಬರ್ಬೇಕು. ಗೋಡೆ ತುಂಬ ಓಂ, ಶಿಲುಬೆ, ಚಂದ್ರ-ನಕ್ಷತ್ರ ಬರೆಯೋಕೆ ಪೇಂಟರ್‌ಗೆ ಹೇಳಿದೀನಿ. ತಮ್ಮ ಬೈತಾನೆ. ನಾನು ಮಾಡ್ತಿರೋದು ಸರಿನಾ?

ಉತ್ತರ: ಮೊದ್ಲು ಪೇಂಟರ್‌ಗೆ ಫೋನ್ ಮಾಡಿ ನಿಲ್ಲಿಸಿ. ಆಸೆ ಒಳ್ಳೇದೇ, ಆದ್ರೆ ಗೋಡೆ ಮೇಲೆ ಎಲ್ಲಾ ಗುರುತು ಬರೆಸಿದ ಹಾಲ್‌ಗಳನ್ನ ನಾನು ನೋಡಿದೀನಿ, ಉದ್ಘಾಟನೆ ದಿನ ಫೋಟೋ ತಗೀತಾರೆ, ಆಮೇಲೆ ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಜೋಡಿಸಿಟ್ಟಿರ್ತಾರೆ ಅಷ್ಟೆ. ಯಾರಾದ್ರೂ ಅಲ್ಲಿ ನಮಾಜ್ ಮಾಡ್ಬೇಕು ಅಂದ್ರೆ ಎದುರಿಗೆ ಚಿತ್ರ ಇರಬಾರದು. ನಮ್ಮ ಕಡೆಯಿಂದ ಕಿಬ್ಲಾ, ಅಂದ್ರೆ ನಮಾಜಿಗೆ ಮುಖ ಮಾಡೋ ಮೆಕ್ಕಾ ದಿಕ್ಕು, ಪಶ್ಚಿಮ, ಸ್ವಲ್ಪ ವಾಯವ್ಯಕ್ಕೆ ತಿರುಗಿ. ಹಾಗಾಗಿ ಆ ಪಶ್ಚಿಮದ ಗೋಡೆಗೆ ಬರೀ ಸುಣ್ಣ ಹೊಡೆಸಿ ಖಾಲಿ ಬಿಡಿ. ಖಾಲಿ ಗೋಡೆ ಎದುರು ಶಿವಯೋಗಕ್ಕೂ ಕೂರಬಹುದು, ಜಪಕ್ಕೂ ಕೂರಬಹುದು, ಯಾರಿಗೂ ತೊಂದ್ರೆ ಇಲ್ಲ.

ಇನ್ನೊಂದು, ನೀವು ಮಾಡ್ತಿರೋದು ದರ್ಗಾ ಅಲ್ಲ. ದರ್ಗಾ ಅಂದ್ರೆ ಅಲ್ಲಿ ಒಬ್ಬ ವಲಿಯ, ಅಂದ್ರೆ ಸೂಫಿ ಸಂತರ, ಗೋರಿ ಇರುತ್ತೆ. ಸೂಫಿಗಳು ನಲವತ್ತು ದಿನ ಧ್ಯಾನಕ್ಕೆ ಕೂತ ಜಾಗಕ್ಕೆ ಚಿಲ್ಲಾ ಅಂತಾರೆ. ಬದುಕಿರೋ ಜನ ಬಂದು ಕೂತು, ಜಿಕ್ರ್ (ದೇವರ ನಾಮಸ್ಮರಣೆ) ಮಾಡಿ, ಊಟ ಮಾಡಿ ಹೋಗೋ ಜಾಗ ಖಾನ್ಖಾ. ನಿಮ್ದು ಖಾನ್ಖಾದ ಜಾತಿದು. ಗೋರಿ ಇಲ್ಲದ ಕಡೆ ಹಸಿರು ಚಾದರ ಹೊದಿಸಿದ ದಿಬ್ಬ ಮಾತ್ರ ಕಟ್ಟಿಸ್ಬೇಡಿ, ಹತ್ತು ವರ್ಷದಲ್ಲಿ ಅದಕ್ಕೊಂದು ಕಥೆ ಹುಟ್ಟಿ ಹುಂಡಿ ಬಂದು ಜಗಳ ಶುರುವಾಗುತ್ತೆ.

ಎಲ್ರೂ ಬರೋದು ನಮಗೇನು ಹೊಸದಲ್ಲ. ಬೀದರ್ ಹತ್ರ ಅಷ್ಟೂರಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಇದೆ, ಅವರನ್ನೇ ಅಲ್ಲಮಪ್ರಭು ಅಂತ ನಂಬಿ ಬರೋ ಲಿಂಗಾಯತ ಭಕ್ತರಿದಾರೆ, ಉರುಸ್‌ಗೆ ಕಲಬುರಗಿ ಕಡೆಯಿಂದ ಜಂಗಮರು ಬರ್ತಾರೆ. ಬೆಂಗಳೂರು ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗೋದು. ಅಲ್ಲೆಲ್ಲ ಯಾರೂ ಸರ್ವಧರ್ಮ ಅಂತ ಬೋರ್ಡ್ ಹಾಕಿಲ್ಲ ನೋಡಿ.

ಬೇಕು ಅಂತಲೇ ಎಲ್ಲಾ ಧರ್ಮಕ್ಕೂ ಅಂತ ಮಾಡಿದ್ದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಹಜ್ರತ್ ಇನಾಯತ್ ಖಾನ್ ಅಂತ, 1882ರಲ್ಲಿ ಬರೋಡಾದಲ್ಲಿ ಹುಟ್ಟಿದ ಸೂಫಿ ಗುರು, ವೀಣೆ ವಿದ್ವಾಂಸರು. ಅವರ ತಾತ ಮೌಲಾ ಬಕ್ಷ್ ಮೈಸೂರಿಗೆ ಬಂದು ಕರ್ನಾಟಕ ಸಂಗೀತ ಕಲಿತು ಅರಮನೆ ಮರ್ಯಾದೆ ಪಡೆದವರು. ಇನಾಯತ್ ಖಾನ್ 1910ರಲ್ಲಿ ದೇಶ ಬಿಟ್ಟು ಹೋದ್ರು, 1921ರಲ್ಲಿ ಲಂಡನ್ನಿನಲ್ಲಿ ಒಂದು ಪೂಜೆ ಶುರು ಮಾಡಿದ್ರು. ಒಂದು ಮೇಜು, ಮೇಲೆ ಬಟ್ಟೆ, ಮಧ್ಯದ ಮೇಣದಬತ್ತಿ ದೇವರ ಹೆಸರಲ್ಲಿ. ಅದರಿಂದ ಹಿಂದೂ, ಬೌದ್ಧ, ಪಾರ್ಸಿ, ಯಹೂದಿ, ಕ್ರೈಸ್ತ, ಇಸ್ಲಾಂ ಹೆಸರಲ್ಲಿ ಒಂದೊಂದು ಬತ್ತಿ ಹಚ್ತಾರೆ, ಕೊನೇದು ಲೋಕಕ್ಕೆ ಗೊತ್ತಿದ್ರೂ ಗೊತ್ತಿಲ್ದಿದ್ರೂ ಸತ್ಯದ ಬೆಳಕು ಹಿಡಿದವರಿಗೆಲ್ಲ. ಆಮೇಲೆ ಆಯಾ ಗ್ರಂಥದಿಂದ ನಾಲ್ಕು ಸಾಲು ಓದೋದು, ಮುಗೀತು. ನೆದರ್ಲೆಂಡ್ಸಿನ ಕಾಟ್ವೈಕ್‌ನಲ್ಲಿ ಅವರು ಧ್ಯಾನಕ್ಕೆ ಕೂತಿದ್ದ ಮರಳುದಿಬ್ಬದಲ್ಲಿ ಶಿಷ್ಯರು ಮುಂದೆ ಒಂದು ಮಂದಿರಾನೇ ಕಟ್ಟಿದ್ರು. ಅಂದ್ರೆ ಗುರುತುಗಳೆಲ್ಲ ಗೋಡೆ ಮೇಲೆ ಅಂಟಿಕೊಂಡಿಲ್ಲ, ಕೆಲಸ ಆದ ಮೇಲೆ ಬತ್ತಿ ಆರಿಸಿ ಪುಸ್ತಕ ಮುಚ್ಚಿಡಬಹುದು. ನೀವೂ ಒಂದು ಮರದ ಕಪಾಟು ಮಾಡಿಸಿ, ಕುರಾನು, ವಚನ, ಬೈಬಲ್, ಗೀತೆ ಎಲ್ಲ ಅದರಲ್ಲಿ ಇರಲಿ, ನೆಲದ ಮೇಲಂತೂ ಬೇಡ.

ತಮ್ಮನ ಬೈಗಳ ಬಗ್ಗೆ. ಅವನು ಬೈಯೋದು ಧರ್ಮಕ್ಕೋ ಆಸ್ತಿಗೋ ಮೊದ್ಲು ತಿಳ್ಕೊಳ್ಳಿ! ಪಾಲುಪತ್ರ ರಿಜಿಸ್ಟರ್ ಆಗಿದೆಯಾ ನೋಡಿ. ಊರವರ ಜೊತೆ ಸೇರಿ ನಡೆಸೋದಾದ್ರೆ ಟ್ರಸ್ಟ್ ಡೀಡ್ ಮಾಡಿಸಿ, ಯಾವ ಉದ್ದೇಶಕ್ಕೆ ಅಂತ ಸ್ಪಷ್ಟವಾಗಿ ಬರೆಸಿ. ಯಾರೋ ಹೇಳಿದ್ರು ಅಂತ ವಕ್ಫ್ (ಧರ್ಮಕಾರ್ಯಕ್ಕೆ ಶಾಶ್ವತವಾಗಿ ಬಿಟ್ಟುಕೊಡೋ ಆಸ್ತಿ) ಅಂತ ಬರೆದುಕೊಡೋಕೆ ಹೋಗ್ಬೇಡಿ, 2025ರ ತಿದ್ದುಪಡಿ ಆದ ಮೇಲೆ ಮುಸ್ಲಿಮರಲ್ಲದವರು ಹಾಗೆ ಕೊಡೋಕೆ ಆಗಲ್ಲ. ವಕೀಲರನ್ನ ಕೇಳಿ ಮುಂದುವರೀರಿ.

ಪ್ರಶ್ನೆ: ನಾವೂ ಮನೆ ಮಹಡಿ ಮೇಲೆ ಹೀಗೇ ಒಂದು ಕೋಣೆ ಮಾಡಿದೀವಿ. ಗುರುವಾರ ಲೋಬಾನ ಹಾಕಿ ಹಾರ್ಮೋನಿಯಂ ನುಡಿಸಿ ಹಾಡ್ತೀವಿ. ಬರ್ತಿದ್ದ ಇಬ್ಬರು ಬಿಟ್ಟುಬಿಟ್ರು. ಯಾಕೆ?

ಉತ್ತರ: ಒಬ್ಬರಿಗೆ ಹೊಗೆ ಇರಬೇಕು, ಇನ್ನೊಬ್ಬರಿಗೆ ಹಾರ್ಮೋನಿಯಂ. ಮುಚ್ಚಿದ ಕೋಣೇಲಿ ಲೋಬಾನ ಹಾಕಿದ್ರೆ ಆಸ್ತಮಾ ಇರೋರು ಓಡ್ತಾರೆ, ಜನ ಬರೋಕೆ ಅರ್ಧ ಗಂಟೆ ಮುಂಚೆ ಕಿಟಕಿ ತೆಗೆದಿಟ್ಟು ಲೋಬಾನ ಹಾಕಿ ಮುಗಿಸಿ. ಸಂಗೀತದ ಬಗ್ಗೆ ಸೂಫಿಗಳಲ್ಲೇ ಒಂದೇ ಅಭಿಪ್ರಾಯ ಇಲ್ಲ, ಚಿಶ್ತಿ ಪಂಥದವರಿಗೆ ಸಮಾ, ಅಂದ್ರೆ ಕೂತು ಭಕ್ತಿಯ ಹಾಡು ಕೇಳೋದು, ಪ್ರಾಣ, ನಕ್ಷಬಂದಿ ಪಂಥದವರು ಹೆಚ್ಚಾಗಿ ಮೌನವಾಗಿ ಮನಸ್ಸಲ್ಲೇ ಜಿಕ್ರ್ ಮಾಡೋರು. ವಾರದಲ್ಲಿ ಒಂದು ಸಂಜೆ ಹಾಡಿಗೆ, ಒಂದು ಸಂಜೆ ಸುಮ್ಮನೆ ಕೂರೋಕೆ ಅಂತ ಮಾಡಿ ನೋಡಿ. ಬಿಟ್ಟುಹೋದವರ ಮನೆಗೇ ಹೋಗಿ ಕೇಳಿದ್ರೆ ಇನ್ನೂ ಒಳ್ಳೇದು. ಮೈಕ್ ಹಾಕಿದ್ರೆ ರಾತ್ರಿ ಹತ್ತಕ್ಕೆ ನಿಲ್ಲಿಸಲೇಬೇಕು, ಕಾನೂನಿದೆ. ಮಹಡಿ ಮೇಲಿನ ಕೋಣೆಗೆ ಮೈಕ್ ಯಾಕೆ ಅಂತ ನಂಗಂತೂ ಅರ್ಥ ಆಗಲ್ಲ.

ಪ್ರಶ್ನೆ: ನಾವೂ ಇಂಥದ್ದೇ ಒಂದು ಜಾಗ ಹೊಸದಾಗಿ ಕಟ್ಟಿದೀವಿ, ಗೋರಿ ಏನೂ ಇಲ್ಲ. ಅಲ್ಲಿಗೆ ಹೆಂಗಸರನ್ನ ಬಿಡಬಹುದಾ? ಹಿರಿಯರು ಬೇಡ ಅಂತಾರೆ.

ಉತ್ತರ: ಮುಂಬೈ ಹಾಜಿ ಅಲಿ ದರ್ಗಾದ ಗೋರಿ ಹತ್ರ ಹೆಂಗಸರನ್ನ ತಡೆದಿದ್ದು ತಪ್ಪು ಅಂತ 2016ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು, ಈಗ ಅಲ್ಲಿ ಹೋಗ್ತಾರೆ. ನಿಮ್ಮಲ್ಲಿ ಗೋರಿನೂ ಇಲ್ಲ, ಹಳೇ ಪದ್ಧತಿನೂ ಇಲ್ಲ, ನಿನ್ನೆ ಮೊನ್ನೆ ಸಿಮೆಂಟ್ ಹಾಕಿದ ಜಾಗ. ಬಿಡಬಹುದಾ ಅಂತ ಕೇಳೋ ಬದಲು ಅವರು ಬರೋ ಹಾಗೆ ಮಾಡಿ. ಸಂಜೆ ಏಳಕ್ಕೆ ಬಾಗಿಲ ಹೊರಗೊಂದು ಲೈಟು, ಕೈಕಾಲು ತೊಳೆಯೋಕೆ ಮರೆ ಇರೋ ನಲ್ಲಿ, ಚಿಲಕ ಬೀಳೋ ಟಾಯ್ಲೆಟ್ಟು.